ತೋಟದಲ್ಲಿರುವ ಅಜ್ಜನ ಕಾಲದ ಹೆಂಚಿನ ಮನೆಗೆ ಮಹಡಿ ಹಾಕಲು ಅನುಮತಿ ಬೇಕಾ?

ಬೇಕು. ಒಡೆದ ಹೆಂಚು ಬದಲಿಸಿ ಸುಣ್ಣ ಬಳಿಯೋದಕ್ಕೆ ಯಾರೂ ಕೇಳುವುದಿಲ್ಲ. ಮಹಡಿ ಎಂದರೆ ಹೊಸ ಕಟ್ಟಡದ ಲೆಕ್ಕ. ಹಳ್ಳಿಯಾದರೆ ಗ್ರಾಮ ಪಂಚಾಯಿತಿ, ಮಡಿಕೇರಿ ಪೇಟೆಯಾದರೆ ನಗರಸಭೆ ಲೈಸೆನ್ಸ್ ಕೊಡಬೇಕು.

ಆದರೆ ನಮ್ಮ ಕೊಡಗಿನಲ್ಲಿ ನಕ್ಷೆಗಿಂತ ಆರ್‌ಟಿಸಿಯೇ, ಅಂದರೆ ಪಹಣಿಯೇ, ಜಾಸ್ತಿ ತಲೆನೋವು, ಅಲ್ವಾ? ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ಪಹಣಿಯಲ್ಲಿ ಪಟ್ಟೇದಾರರ (ಮನೆತನದ ಹಿರಿಯರ) ಜೊತೆ ಇಡೀ ಒಕ್ಕದವರ, ಅಂದರೆ ಮನೆತನದವರ, ಹೆಸರಿರುತ್ತದೆ. ನಿಮ್ಮ ಪಾಲು ಯಾವುದು ಎಂದು ಕಾಗದದಲ್ಲಿ ಇಲ್ಲದಿದ್ದರೆ ಅರ್ಜಿ ಅಲ್ಲೇ ಕೂರುತ್ತದೆ. ಮೊದಲು ಅದನ್ನು ಸರಿಮಾಡಿಸಿ.

ಇನ್ನು ಭೂಪರಿವರ್ತನೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಲು ಜಿಲ್ಲಾಧಿಕಾರಿ ಅನುಮತಿ ಬೇಕು. ರೈತ ತಾನೇ ಇರಲು ಕಟ್ಟಿಕೊಳ್ಳುವ ತೋಟದ ಮನೆಗೆ ಒಂದು ಮಿತಿಯೊಳಗೆ ವಿನಾಯಿತಿ ಇದೆ. ಹೋಂಸ್ಟೇ ಮಾಡುವ ಆಸೆಯಿದ್ದರೆ ಆ ವಿನಾಯಿತಿಯನ್ನು ನೆಚ್ಚಿಕೊಳ್ಳಬೇಡಿ.

ಮನೆ ಹಿಂದೆ ಬರೆ (ಕಡಿದಾದ ಮಣ್ಣಿನ ದಿಬ್ಬ) ಇದ್ದರೆ, ಜಾಗ ಸಾಲದು ಅಂತ ಸುಮ್ನೆ ಜೆಸಿಬಿ ತರಿಸಿ ನೇರಕ್ಕೆ ಕಡಿಸಬೇಡಿ. 2018ರ ಆಗಸ್ಟ್ ಮಳೆಗೆ ಇಲ್ಲಿ ಗುಡ್ಡ ಕುಸಿದದ್ದು ನೆನಪಿದೆಯಲ್ಲ? ಎಂಜಿನಿಯರ್‌ಗೆ ಮೊದಲು ಹಳೇ ಗೋಡೆ ತೋರಿಸಿ. ಮಣ್ಣಿನ ಗೋಡೆ ಮೇಲೆ ಆರ್‌ಸಿಸಿ ನಿಲ್ಲುವುದಿಲ್ಲ.