ಉಲ್ಲೇಖದ ಶೈಲಿಯನ್ನು ಕನ್ನಡಕ್ಕೆ ಒಗ್ಗಿಸಿಕೊಳ್ಳುವ ಬಗೆ

ಪ್ರಶ್ನೆ: ಚಿತ್ರದುರ್ಗ ಸೀಮೆಯ ಶಾಸನಗಳನ್ನು ಕುರಿತು ಕನ್ನಡದಲ್ಲಿ ಪಿಎಚ್.ಡಿ. ಪ್ರಬಂಧ ಬರೆಯುತ್ತಿದ್ದೇನೆ. ಆಕರಗಳನ್ನೆಲ್ಲ ಜೊಟೆರೊ ತಂತ್ರಾಂಶದಲ್ಲಿ ಇಟ್ಟುಕೊಂಡಿದ್ದೇನೆ. ಎಪಿಎ ಎಂಬ ಉಲ್ಲೇಖ ಶೈಲಿಯಲ್ಲಿ ಕನ್ನಡ ಹೆಸರುಗಳ ನಡುವೆ ‘ಮತ್ತು’ ಎನ್ನುವ ಬದಲು ಇಂಗ್ಲಿಷಿನ ‘&’ ಚಿಹ್ನೆಯೂ ಪುಟಸಂಖ್ಯೆಯ ಹಿಂದೆ ಇಂಗ್ಲಿಷ್ ಅಕ್ಷರವೂ ಬರುತ್ತವೆ, ಇನಿಷಿಯಲ್ಲುಗಳೂ ಅಸ್ತವ್ಯಸ್ತವಾಗುತ್ತವೆ. ಒಮ್ಮೆ ಶೈಲಿಯ ಕಡತವನ್ನೇ ತಿದ್ದಿದೆ. ಕೆಲವು ವಾರಗಳಲ್ಲಿ ಅದು ಮೊದಲಿನಂತಾಯಿತು. ಈಗ ವರ್ಡ್‌ನಲ್ಲಿ ಕೈಯಿಂದ ತಿದ್ದುತ್ತಿದ್ದೇನೆ. ಬೇರೆ ದಾರಿ ಇದೆಯೇ?
– ಸಂಶೋಧನಾ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಮೊದಲು ಕೈಯಿಂದ ತಿದ್ದುವುದನ್ನು ನಿಲ್ಲಿಸಿ. ನೀವು ಮುಂದೊಮ್ಮೆ ಹೊಸ ಆಕರವೊಂದನ್ನು ಸೇರಿಸಿದ ಕೂಡಲೇ ಜೊಟೆರೊ ಗ್ರಂಥಋಣದ ಪಟ್ಟಿಯನ್ನು ಹೊಸದಾಗಿ ಬರೆಯುತ್ತದೆ; ಅಲ್ಲಿ ನೀವು ಮಾಡಿದ ತಿದ್ದುಪಡಿಯೆಲ್ಲ ಅಳಿಸಿಹೋಗುತ್ತದೆ. ತಿದ್ದಬೇಕಾದದ್ದು ಶೈಲಿಯನ್ನೇ, ನಿಮ್ಮ ಮೊದಲ ಪ್ರಯತ್ನದ ದಿಕ್ಕು ಸರಿಯಾಗಿಯೇ ಇತ್ತು.

ಅದು ಕೈಕೊಟ್ಟದ್ದಕ್ಕೆ ಕಾರಣ ಸರಳ. ಪ್ರತಿ ಶೈಲಿಯ ಕಡತದ ಮೊದಲ ಭಾಗದಲ್ಲಿ ಅದರ ಶೀರ್ಷಿಕೆಯೂ ತಂತ್ರಾಂಶ ಅದನ್ನು ಗುರುತು ಹಿಡಿಯುವ ಐಡಿಯೂ ಇರುತ್ತವೆ. ಐಡಿಯನ್ನು ಬದಲಿಸದೆ ಉಳಿದದ್ದನ್ನು ಮಾತ್ರ ತಿದ್ದಿದರೆ, ಜೊಟೆರೊ ಅದನ್ನು ಮೂಲ ಎಪಿಎ ಶೈಲಿಯೆಂದೇ ತಿಳಿದು, ಹೊಸ ಆವೃತ್ತಿ ಬಂದಾಗ ನಿಮ್ಮ ಕಡತದ ಮೇಲೆ ಅದನ್ನು ಬರೆದುಬಿಡುತ್ತದೆ. ಆದುದರಿಂದ ಸೆಟ್ಟಿಂಗ್ಸ್‌ನ ‘ಸೈಟ್’ (Cite) ಪುಟದಲ್ಲಿರುವ ಸ್ಟೈಲ್ ಎಡಿಟರ್ ತೆರೆದು, ಎಲ್ಲಕ್ಕಿಂತ ಮೊದಲು ಶೀರ್ಷಿಕೆ ಮತ್ತು ಐಡಿ ಎರಡನ್ನೂ ಬದಲಿಸಿ, ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಕಡತ ತೀರಾ ಚಿಕ್ಕದಾಗಿದ್ದು ಅದರಲ್ಲಿ ಮತ್ತೊಂದು ಶೈಲಿಯ ಕೊಂಡಿ ಮಾತ್ರ ಇದ್ದರೆ, ಅದು ಅವಲಂಬಿತ ಶೈಲಿ. ಆ ಮೂಲ ಶೈಲಿಯನ್ನೇ ತೆರೆಯಬೇಕು.

ಈ ಕಡತಗಳು ಸಿಎಸ್‌ಎಲ್ ಎಂಬ ಎಕ್ಸ್‌ಎಂಎಲ್ ಆಧಾರಿತ ಭಾಷೆಯಲ್ಲಿರುತ್ತವೆ. ನೋಡಿದೊಡನೆ ಹೆದರಬೇಡಿ, ನಿಮಗೆ ಬೇಕಾದ ಬದಲಾವಣೆಗಳು ನಾಲ್ಕಾರು ಸಾಲುಗಳಲ್ಲಿ ಮುಗಿಯುತ್ತವೆ. ಆಯಾ ಭಾಷೆಯ ಪದಗಳನ್ನು ಕೊಡುವ ‘ಲೋಕೇಲ್’ ಎಂಬ ಭಾಗದಲ್ಲಿ ‘ಮತ್ತು’, ‘ಮತ್ತಿತರರು’, ‘ಸಂ.’, ‘ಪು.’ ಎಂಬ ಪದಗಳನ್ನು ಆಯಾ ಇಂಗ್ಲಿಷ್ ಪದಗಳ ಬದಲಿಗೆ ಕೊಡಿ. ಇಂಗ್ಲಿಷಿಗೆಂದು ಲೋಕೇಲ್ ಭಾಗ ಮೊದಲೇ ಇದ್ದರೆ ಅದರೊಳಗೇ ತಿದ್ದಿ, ಏಕೆಂದರೆ ಭಾಷೆ ಹೆಸರಿಸಿದ ಭಾಗಕ್ಕೆ ಭಾಷೆ ಹೆಸರಿಸದ ಭಾಗಕ್ಕಿಂತ ಆದ್ಯತೆ ಹೆಚ್ಚು. ಹೆಸರುಗಳ ನಡುವಿನ ಚಿಹ್ನೆ ಮಾತ್ರ ಇದರಿಂದ ಹೋಗುವುದಿಲ್ಲ. ‘ಆ್ಯಂಡ್’ ಎಂಬ ಗುಣಲಕ್ಷಣದ ಮೌಲ್ಯ ‘ಸಿಂಬಲ್’ ಎಂದಿರುವ ಕಡೆಯೆಲ್ಲ ಅದನ್ನು ‘ಟೆಕ್ಸ್ಟ್’ ಎಂದು ಮಾಡಬೇಕು. ಒಂದು ವರ್ಡ್ ಕಡತಕ್ಕೆಲ್ಲ ಒಂದೇ ಭಾಷೆಯ ಪದಗಳು ಅನ್ವಯವಾಗುವುದರಿಂದ ಇಂಗ್ಲಿಷ್ ಗ್ರಂಥಗಳ ನಡುವೆಯೂ ‘ಮತ್ತು’ ಬರುತ್ತದೆ. ಕನ್ನಡ ಪ್ರಬಂಧದಲ್ಲಿ ಇದು ಒಪ್ಪತಕ್ಕದ್ದೆಂದೇ ನನ್ನ ಅಭಿಪ್ರಾಯ, ಆದರೂ ನಿಮ್ಮ ಮಾರ್ಗದರ್ಶಕರನ್ನು ಒಮ್ಮೆ ಕೇಳಿ.

ಹೆಸರಿನ ತೊಡಕು ಬೇರೆ ಬಗೆಯದು. ಕುಲನಾಮ, ಸ್ವನಾಮ ಎಂಬ ವಿಭಾಗ ನಮ್ಮ ಕಡೆಯ ಅನೇಕ ಹೆಸರುಗಳಿಗೆ ಹೊಂದುವುದೇ ಇಲ್ಲ. ಇನಿಷಿಯಲ್ಲುಗಳು ಊರನ್ನೋ ತಂದೆಯ ಹೆಸರನ್ನೋ ಸೂಚಿಸುತ್ತವೆ. ಅಂಥ ಹೆಸರನ್ನು ಎರಡು ಚೌಕಗಳಲ್ಲಿ ಹಂಚದೆ, ಚೌಕದ ಪಕ್ಕದ ಗುಂಡಿಯನ್ನು ಒತ್ತಿ ಒಂದೇ ಚೌಕಕ್ಕೆ ಬದಲಿಸಿ, ‘ಬಸವರಾಜಪ್ಪ ಕೆ.’ ಎಂಬಂತೆ ನಿಮಗೆ ಬೇಕಾದ ಕ್ರಮದಲ್ಲೇ ಬರೆಯಿರಿ. ತಂತ್ರಾಂಶ ಅದನ್ನು ತಿರುಗಿಸುವುದೂ ಇಲ್ಲ, ಮೊಟಕುಗೊಳಿಸುವುದೂ ಇಲ್ಲ. ಪಠ್ಯದ ನಡುವಿನ ಉಲ್ಲೇಖದಲ್ಲೂ ಇನಿಷಿಯಲ್ ಸಮೇತ ಹೆಸರು ಬರುತ್ತದೆಂಬುದೊಂದು ಕೊರತೆ, ಆದರೆ ಒಂದೇ ಹೆಸರಿನ ಹಲವು ಲೇಖಕರಿರುವ ನಮ್ಮಲ್ಲಿ ಅದರಿಂದ ಅನುಕೂಲವೇ ಹೆಚ್ಚು.

ಇನ್ನು ಶಾಸನಗಳು. ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಆವೃತ್ತಿಯಲ್ಲಿ 11ನೆಯ ಸಂಪುಟ ಹಳೆಯ ಚಿತ್ರದುರ್ಗ ಜಿಲ್ಲೆಯದು. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಆದ್ದರಿಂದ ದಾವಣಗೆರೆ ತಾಲ್ಲೂಕಿನ ಶಾಸನಗಳೂ ಅದೇ ಸಂಪುಟದಲ್ಲಿವೆ. ಅದರಲ್ಲಿ ತಾಲ್ಲೂಕಿನ ಸಂಕೇತ ಮತ್ತು ಕ್ರಮಸಂಖ್ಯೆಯೇ ಶಾಸನದ ವಿಳಾಸ, ಪುಟಸಂಖ್ಯೆ ಸಾಲದು. ಪ್ರತಿ ಶಾಸನಕ್ಕೂ ಬೇರೆ ದಾಖಲೆ ಮಾಡಿದರೆ ಗ್ರಂಥಋಣ ಅನಗತ್ಯವಾಗಿ ಉದ್ದವಾಗುತ್ತದೆ. ಸಂಪುಟವನ್ನು ಒಂದೇ ದಾಖಲೆಯಾಗಿ ಇಟ್ಟು, ಉಲ್ಲೇಖ ಸೇರಿಸುವಾಗ ‘ಪೇಜ್’ ಎಂಬುದರ ಬದಲು ನಿಮ್ಮ ಪ್ರಬಂಧದಲ್ಲಿ ಬೇರೆಲ್ಲೂ ಬೇಕಾಗದ ‘ಓಪಸ್’ ಎಂಬ ಆಯ್ಕೆಯನ್ನು ಹಿಡಿದು ‘ದಾವ. 12’ ಎಂಬಂತೆ ಬರೆಯಿರಿ. ಲೋಕೇಲ್ ಭಾಗದಲ್ಲಿ ಆ ಪದದ ಪೂರ್ಣ ಮತ್ತು ಹ್ರಸ್ವ ರೂಪಗಳೆರಡಕ್ಕೂ ‘ಶಾಸನ’ ಎಂದು ಕೊಡಿ. ಒಂದೊಂದು ಬದಲಾವಣೆಯಾದ ಮೇಲೂ ಎಡಿಟರ್‌ನ ಕೆಳಭಾಗದ ಮುನ್ನೋಟವನ್ನು ನೋಡಿ. ಹತ್ತು ಸಾಲುಗಳನ್ನು ಒಟ್ಟಿಗೆ ತಿದ್ದಿದರೆ ತಪ್ಪಾದದ್ದು ಎಲ್ಲಿ ಎಂದು ಹುಡುಕುವುದು ಕಷ್ಟವಾಗುತ್ತದೆ.

ಪ್ರಶ್ನೆ: ಇಂಥ ಶೈಲಿಯೊಂದನ್ನು ಸಿದ್ಧಪಡಿಸಿದರೆ ನಮ್ಮ ವಿದ್ಯಾರ್ಥಿಗಳೆಲ್ಲರಿಗೂ ಹಂಚಬಹುದೇ?
– ಕಾಲೇಜು ಗ್ರಂಥಪಾಲಕರು, ಚಿತ್ರದುರ್ಗ

ಉತ್ತರ: ಖಂಡಿತವಾಗಿ ಹಂಚಬಹುದು. ಶೈಲಿ ಒಂದು ಚಿಕ್ಕ ಪಠ್ಯಕಡತವಷ್ಟೆ. ಇಮೇಲ್‌ನಲ್ಲಿ ಕಳುಹಿಸಿದರೂ ಸಾಕು. ಮೆಂಡೆಲೆ ಬಳಸುವವರ ತಂತ್ರಾಂಶಕ್ಕೂ ಸಿಎಸ್‌ಎಲ್ ಅರ್ಥವಾಗುತ್ತದೆ, ಎಂಡ್‌ನೋಟ್‌ಗೆ ಮಾತ್ರ ತನ್ನದೇ ಬೇರೆ ಸ್ವರೂಪವಿದೆ. ಮುಂದೆ ತಿದ್ದುಪಡಿ ಮಾಡಿದಾಗ ನೀವು ಕೊಟ್ಟ ಐಡಿಯನ್ನು ಹಾಗೆಯೇ ಉಳಿಸಿಕೊಳ್ಳಿ, ಆಗ ವಿದ್ಯಾರ್ಥಿಗಳು ಹೊಸ ಕಡತವನ್ನು ಸೇರಿಸಿದೊಡನೆ ಹಳೆಯದರ ಜಾಗದಲ್ಲಿ ಅದು ಬಂದು ಕೂರುತ್ತದೆ.