ವೈಫೈ ಗೆರೆ ತುಂಬಿದ್ದರೂ ಪುಟ ಏಕೆ ತೆರೆಯುವುದಿಲ್ಲ? ಇಂಟರ್ನೆಟ್ ಬಗ್ಗೆ ವಿದ್ಯಾರ್ಥಿಗಳ ಪ್ರಶ್ನೆಗಳು

ಪ್ರಶ್ನೆ: ಬ್ರೌಸರ್‌ನಲ್ಲಿ ವಿಳಾಸ ಟೈಪ್ ಮಾಡಿ ಎಂಟರ್ ಒತ್ತಿದ ಮೇಲೆ ಪುಟ ಕಾಣುವವರೆಗೆ ಏನೇನು ನಡೆಯುತ್ತದೆ? ನಮ್ಮ ನೋಟ್ಸ್‌ನಲ್ಲಿ "ಸರ್ವರ್‌ಗೆ ಕೋರಿಕೆ ಹೋಗುತ್ತದೆ, ಪುಟ ಬರುತ್ತದೆ" ಎಂದಷ್ಟೇ ಇದೆ.

ಆ ಒಂದು ವಾಕ್ಯದೊಳಗೆ ನಾಲ್ಕು ಕೆಲಸಗಳಿವೆ. ನಾಲ್ಕರಲ್ಲಿ ಯಾವುದು ಬೇಕಾದರೂ ಬೇರೆಯಾಗಿ ಕೈಕೊಡಬಹುದು, ಹಾಗಾಗಿ ಬಿಡಿಸಿಯೇ ನೋಡಬೇಕು.

ಮೊದಲನೆಯದು ಹೆಸರಿಗೆ ಸಂಖ್ಯೆ ಹುಡುಕುವುದು. ದಾರಿಯಲ್ಲಿರುವ ರೂಟರ್‌ಗಳಿಗೆ ತಾಣದ ಹೆಸರು ಬೇಡ, ಐಪಿ ವಿಳಾಸ ಬೇಕು. ಬ್ರೌಸರ್ ತನ್ನ ಕ್ಯಾಶ್ (ಹಿಂದೆ ಸಿಕ್ಕ ಉತ್ತರಗಳ ಸಂಗ್ರಹ) ನೋಡುತ್ತದೆ, ಆಮೇಲೆ ಆಪರೇಟಿಂಗ್ ಸಿಸ್ಟಮ್‌ನದ್ದು. ಅಲ್ಲೂ ಇಲ್ಲದಿದ್ದರೆ ಹೆಸರಿಗೆ ಸಂಖ್ಯೆ ಹುಡುಕಿಕೊಡುವ ಡಿಎನ್‌ಎಸ್ ರಿಸಾಲ್ವರ್‌ಗೆ ಪ್ರಶ್ನೆ ಹೋಗುತ್ತದೆ, ಸಾಮಾನ್ಯವಾಗಿ ಯುಡಿಪಿ (ಮುಟ್ಟಿತೇ ಎಂದು ಲೆಕ್ಕ ಇಡದೆ ಕಳಿಸುವ ವಿಧಾನ) ಪೋರ್ಟ್ 53ಕ್ಕೆ. ಪೋರ್ಟ್ ಎಂದರೆ ಪ್ಯಾಕೆಟ್ ಯಂತ್ರದೊಳಗಿನ ಯಾವ ಸೇವೆಗೆ ಎಂದು ಹೇಳುವ ಸಂಖ್ಯೆ. ರಿಸಾಲ್ವರ್‌ಗೂ ಗೊತ್ತಿಲ್ಲದಿದ್ದರೆ ಅದು ಮೇಲಿನಿಂದ ಕೇಳುತ್ತಾ ಬರುತ್ತದೆ: ರೂಟ್ ಸರ್ವರ್ ಡಾಟ್ ಕಾಮ್ ಸರ್ವರ್‌ನತ್ತ ಕೈತೋರಿಸುತ್ತದೆ, ಅದು ಆ ತಾಣದ ಸ್ವಂತ ಡಿಎನ್‌ಎಸ್ ಸರ್ವರ್‌ನತ್ತ, ಅಲ್ಲಿ ಸಂಖ್ಯೆ ಸಿಗುತ್ತದೆ. ಜಗತ್ತಿನಲ್ಲಿ ರೂಟ್ ಸರ್ವರ್ ಇರುವುದು 13 ಮಾತ್ರ ಎಂದು ಎಷ್ಟೋ ಕಡೆ ಬರೆದಿರುತ್ತಾರೆ. 13 ಇರುವುದು ಹೆಸರುಗಳು, ಎ ಇಂದ ಎಂ ವರೆಗೆ. ಒಂದೊಂದು ಹೆಸರಿನ ಹಿಂದೆಯೂ ಬೇರೆ ಬೇರೆ ದೇಶಗಳಲ್ಲಿ ಹರಡಿದ ಹಲವು ಯಂತ್ರಗಳಿವೆ.

ಎರಡನೆಯದು ಸಂಪರ್ಕ. ನಿಮ್ಮ ಕಂಪ್ಯೂಟರ್ ಸರ್ವರ್‌ನ ಪೋರ್ಟ್ 443ಕ್ಕೆ ಸಿನ್ ("ಮಾತಾಡೋಣವೇ" ಎನ್ನುವ ಸಂದೇಶ) ಕಳಿಸುತ್ತದೆ, ಸರ್ವರ್ ಸಿನ್-ಆ್ಯಕ್ ಎನ್ನುತ್ತದೆ, ನೀವು ಆ್ಯಕ್ ("ಸಿಕ್ಕಿತು") ಎನ್ನುತ್ತೀರಿ. ಇದು ಟಿಸಿಪಿ, ಕಳಿಸಿದ್ದು ಮುಟ್ಟಿತೇ ಎಂದು ನೋಡಿಕೊಳ್ಳುವ ವಿಧಾನ. ಮೂರನೆಯದು ಟಿಎಲ್‌ಎಸ್, ಅಂದರೆ ಮಾತನ್ನು ಗುಪ್ತವಾಗಿಸುವ ಹಂತ: ಸರ್ವರ್ ತನ್ನ ಪ್ರಮಾಣಪತ್ರ ತೋರಿಸುತ್ತದೆ, ಇಬ್ಬರೂ ಗುಪ್ತ ಕೀಲಿಯೊಂದನ್ನು ಒಪ್ಪಿಕೊಳ್ಳುತ್ತಾರೆ. ನಾಲ್ಕನೆಯದು "ಈ ಪುಟ ಕೊಡು" ಎನ್ನುವ ಎಚ್‌ಟಿಟಿಪಿ ಕೋರಿಕೆ. ನಿಮ್ಮ ನೋಟ್ಸ್ ಹೇಳುತ್ತಿರುವುದು ಈ ಕೊನೆಯದನ್ನು ಮಾತ್ರ.

ಇದಕ್ಕೆಲ್ಲ ಎಷ್ಟು ಸಮಯ ಬೇಕು ಎಂದು ಲೆಕ್ಕ ಹಾಕಿ. ಫೈಬರ್‌ನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಸರ್ವರ್ 10,000 ಕಿಲೋಮೀಟರ್ ದೂರದಲ್ಲಿದ್ದರೆ ಹೋಗಲು 50 ಮಿಲಿಸೆಕೆಂಡ್, ಹೋಗಿ ಬರಲು 100. ಟಿಸಿಪಿಗೆ ಒಂದು ಸುತ್ತು, ಟಿಎಲ್‌ಎಸ್ 1.3ಕ್ಕೆ ಒಂದು, ಕೋರಿಕೆಗೆ ಒಂದು. ಡಿಎನ್‌ಎಸ್ ಬಿಟ್ಟೂ 300 ಮಿಲಿಸೆಕೆಂಡ್ ಆಯಿತು. ಎಷ್ಟೇ ದುಬಾರಿ ಪ್ಲಾನ್ ಹಾಕಿಸಿದರೂ ಇದು ಕಡಿಮೆಯಾಗದು. ದೊಡ್ಡ ತಾಣಗಳು ತಮ್ಮ ಪುಟಗಳ ಪ್ರತಿಗಳನ್ನು ಬಳಕೆದಾರರ ಹತ್ತಿರದ ಸರ್ವರ್‌ಗಳಲ್ಲಿ ಇಡುವುದು ಇದಕ್ಕೇ. ಹೊಸ ಎಚ್‌ಟಿಟಿಪಿ 3 ಆವೃತ್ತಿ ಮೊದಲೆರಡು ಸುತ್ತುಗಳನ್ನು ಒಂದಾಗಿಸುವುದೂ ಇದಕ್ಕೇ.

ಪ್ರಶ್ನೆ: ದಾರಿಯಲ್ಲಿ ಒಂದು ಪ್ಯಾಕೆಟ್ ಕಳೆದುಹೋದರೆ ಫೋಟೋದ ಒಂದು ತುಂಡು ಕಾಣೆಯಾಗಬೇಕಲ್ಲವೇ?

ಆಗುವುದಿಲ್ಲ, ಏಕೆಂದರೆ ಟಿಸಿಪಿ ಪ್ರತಿ ಬೈಟ್‌ಗೂ ಲೆಕ್ಕ ಇಡುತ್ತದೆ.

ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್‌ನ ಸಾಮಾನ್ಯ ಗರಿಷ್ಠ ಗಾತ್ರ 1500 ಬೈಟ್. ಅದರಲ್ಲಿ ಐಪಿ ಹೆಡರ್‌ಗೆ (ವಿಳಾಸ ಮುಂತಾದ ವಿವರ ಬರೆಯುವ ಜಾಗ) 20, ಟಿಸಿಪಿ ಹೆಡರ್‌ಗೆ ಕನಿಷ್ಠ 20 ಹೋದರೆ ಉಳಿಯುವುದು 1460. ಅಂದರೆ 30 ಲಕ್ಷ ಬೈಟ್‌ನ ಫೋಟೋಗೆ ಸುಮಾರು 2,055 ಪ್ಯಾಕೆಟ್ ಬೇಕು. ಮೊದಲ ಐದನ್ನು ನೋಡೋಣ. ಅವು 1, 1461, 2921, 4381, 5841ನೇ ಬೈಟ್‌ಗಳಿಂದ ಶುರುವಾಗುತ್ತವೆ. ಎರಡನೆಯದು ಕಳೆದುಹೋಯಿತು ಎನ್ನಿ. ಮೊದಲನೆಯದು ಬಂದಾಗ ಪಡೆಯುವ ಕಂಪ್ಯೂಟರ್ "ಮುಂದೆ 1461 ಬೇಕು" ಎಂದು ಉತ್ತರಿಸಿರುತ್ತದೆ. ಮೂರನೆಯದು ಬಂದಾಗಲೂ "1461 ಬೇಕು", ನಾಲ್ಕನೆಯದು ಬಂದಾಗಲೂ ಅದೇ, ಐದನೆಯದಕ್ಕೂ ಅದೇ. ಒಂದೇ ಮಾತು ಹೀಗೆ ಮೂರು ಸಲ ಮರುಕಳಿಸಿದರೆ ಕಳಿಸುವವನಿಗೆ ಸುಳಿವು ಸಿಕ್ಕಂತೆ. ಟೈಮರ್ ಮುಗಿಯಲಿ ಎಂದು ಕಾಯದೆ 1461ನ್ನು ಮತ್ತೆ ಕಳಿಸುತ್ತಾನೆ. ಅದು ಮುಟ್ಟಿದ ಕೂಡಲೇ ಉತ್ತರ ನೇರವಾಗಿ 7301ಕ್ಕೆ ಜಿಗಿಯುತ್ತದೆ, ಏಕೆಂದರೆ ಉಳಿದ ಮೂರು ಆಗಲೇ ಬಂದು ಕುಳಿತಿವೆ.

ಇದರ ಜೊತೆಗೆ ಕಳಿಸುವವನು ವೇಗವನ್ನೂ ತಗ್ಗಿಸುತ್ತಾನೆ. ಹಳೆಯ ವಿಧಾನದಲ್ಲಿ ಸರಿಯಾಗಿ ಅರ್ಧಕ್ಕೆ. ಪ್ಯಾಕೆಟ್ ಕಳೆದುಹೋಗಿದೆ ಎಂದರೆ ಎಲ್ಲೋ ದಟ್ಟಣೆ ಇದೆ ಎಂದು ಅವನ ಊಹೆ. ವೈಫೈ ಸಿಗ್ನಲ್ ದುರ್ಬಲವಾಗಿದ್ದರೆ ಡೌನ್‌ಲೋಡ್ ಕುಂಟುವುದಕ್ಕೆ ಇದೂ ಒಂದು ಕಾರಣ: ಲೈನ್ ಖಾಲಿ ಇದ್ದರೂ ಟಿಸಿಪಿ ಅಂಜಿಕೊಂಡೇ ಕಳಿಸುತ್ತಿರುತ್ತದೆ.

ವಿಡಿಯೋ ಕರೆಗಳ ಮಾತು ಬೇರೆ. ಅವು ಸಾಮಾನ್ಯವಾಗಿ ಯುಡಿಪಿ ಬಳಸುತ್ತವೆ. ಅರ್ಧ ಸೆಕೆಂಡ್ ಹಿಂದಿನ ಧ್ವನಿ ಈಗ ಬಂದರೆ ಪ್ರಯೋಜನವಿಲ್ಲ, ಹಾಗಾಗಿ ಹೋದದ್ದನ್ನು ಹೆಚ್ಚಾಗಿ ಹೋಗಲಿ ಎಂದೇ ಬಿಡುತ್ತವೆ. ಅಲ್ಲಿ ತುಂಡು ನಿಜಕ್ಕೂ ಕಾಣೆಯಾಗುತ್ತದೆ.

ಪ್ರಶ್ನೆ: ನಮ್ಮ ಲ್ಯಾಬ್‌ನ ಎಲ್ಲ ಕಂಪ್ಯೂಟರ್‌ಗಳಲ್ಲೂ "ನನ್ನ ಐಪಿ ಯಾವುದು" ಎಂದು ಹುಡುಕಿದರೆ ಒಂದೇ ಸಂಖ್ಯೆ ಬರುತ್ತದೆ. ಪ್ರತಿ ಕಂಪ್ಯೂಟರ್‌ಗೂ ಬೇರೆ ವಿಳಾಸ ಇರಬೇಕಲ್ಲವೇ?

ಬೇರೆ ವಿಳಾಸ ಇದೆ, ಹೊರಗೆ ಕಾಣುವುದಿಲ್ಲ ಅಷ್ಟೆ. ಐಪಿ 4ನೇ ಆವೃತ್ತಿಯ ವಿಳಾಸ 32 ಬಿಟ್‌ನದು, ಒಟ್ಟು 4,294,967,296. ಜಗತ್ತಿನ ಸಾಧನಗಳಿಗೆ ಅದು ಸಾಲದು. ಹಾಗಾಗಿ 192.168 ಅಥವಾ 10 ರಿಂದ ಶುರುವಾಗುವ ವಿಳಾಸಗಳನ್ನು ಒಳಬಳಕೆಗೆಂದು ಮೀಸಲಿಟ್ಟಿದ್ದಾರೆ, 172.16 ರಿಂದ 172.31 ರವರೆಗಿನವೂ ಹಾಗೆಯೇ. ಯಾರು ಬೇಕಾದರೂ ಬಳಸಬಹುದು, ಇಂಟರ್ನೆಟ್‌ನಲ್ಲಿ ಅವಕ್ಕೆ ದಾರಿ ಇಲ್ಲ.

ರೂಟರ್ ನಡುವೆ ನಿಂತು ವಿಳಾಸ ಬದಲಿಸುತ್ತದೆ. 192.168.1.5 ಮತ್ತು 192.168.1.9 ಎರಡೂ ಪೋರ್ಟ್ 51000ದಿಂದ ಪ್ಯಾಕೆಟ್ ಕಳಿಸಿದವು ಎನ್ನಿ. ರೂಟರ್ ಎರಡಕ್ಕೂ ತನ್ನ ಹೊರ ವಿಳಾಸವನ್ನೇ ಹಾಕಿ, ಪೋರ್ಟ್ ಮಾತ್ರ ಒಂದಕ್ಕೆ 40001, ಇನ್ನೊಂದಕ್ಕೆ 40002 ಮಾಡಿ, ಕೋಷ್ಟಕದಲ್ಲಿ ಬರೆದುಕೊಳ್ಳುತ್ತದೆ. ಉತ್ತರ 40002ಕ್ಕೆ ಬಂದರೆ ಕೋಷ್ಟಕ ನೋಡಿ 192.168.1.9ಕ್ಕೆ ಕೊಡುತ್ತದೆ. ಇದೇ ನ್ಯಾಟ್.

ಎಡವಟ್ಟು ಎಲ್ಲಿ ಎಂದರೆ, ಒಳಗಿನಿಂದ ಯಾರೂ ಮೊದಲು ಮಾತಾಡದಿದ್ದರೆ ಕೋಷ್ಟಕದಲ್ಲಿ ಸಾಲೇ ಇರುವುದಿಲ್ಲ. ನಿಮ್ಮ ಕಂಪ್ಯೂಟರ್‌ನಲ್ಲಿ ಆಟದ ಸರ್ವರ್ ನಡೆಸಿ ಗೆಳೆಯರನ್ನು ಹೊರಗಿನಿಂದ ಕರೆದರೆ ಅವರ ಪ್ಯಾಕೆಟ್ ರೂಟರ್‌ನಲ್ಲೇ ಬಿದ್ದುಹೋಗುತ್ತದೆ. ಪೋರ್ಟ್ ಫಾರ್ವರ್ಡಿಂಗ್‌ನಲ್ಲಿ ಆ ಸಾಲನ್ನು ಕೈಯಾರೆ ಬರೆಯಬೇಕು. ಸೇವಾದಾರರೇ ಹಲವು ಗ್ರಾಹಕರನ್ನು ಒಂದೇ ಹೊರ ವಿಳಾಸದ ಹಿಂದೆ ಇಟ್ಟಿದ್ದರೆ ಅದೂ ನಡೆಯದು. 6ನೇ ಆವೃತ್ತಿಯ ವಿಳಾಸ 128 ಬಿಟ್‌ನದು. ಅಲ್ಲಿ ಈ ಜಿಪುಣತನ ಬೇಕಿಲ್ಲ.

ಪ್ರಶ್ನೆ: 100 ಎಂಬಿಪಿಎಸ್ ಸಂಪರ್ಕ, ಡೌನ್‌ಲೋಡ್ ಮಾತ್ರ 12 ಎಂದು ತೋರಿಸುತ್ತದೆ. ಮೋಸವೇ?

ಅಲ್ಲ. ಸಂಪರ್ಕವನ್ನು ಅಳೆಯುವುದು ಬಿಟ್‌ನಲ್ಲಿ, ಫೈಲನ್ನು ಬೈಟ್‌ನಲ್ಲಿ. ಒಂದು ಬೈಟ್‌ಗೆ 8 ಬಿಟ್, ಹಾಗಾಗಿ 100 ಅನ್ನು 8ರಿಂದ ಭಾಗಿಸಿದರೆ 12.5. ಹೆಡರ್‌ಗಳ ಪಾಲು ಕಳೆದರೆ 12ರ ಆಸುಪಾಸು ಬಂದದ್ದು ಒಳ್ಳೆಯ ಅಂಕವೇ.

ಪ್ರಶ್ನೆ: ವೈಫೈ ಗೆರೆಗಳು ತುಂಬಿವೆ, ಆದರೂ ಯಾವ ಪುಟವೂ ತೆರೆಯುತ್ತಿಲ್ಲ. ತೊಂದರೆ ಎಲ್ಲಿದೆ ಎಂದು ತಿಳಿಯುವುದು ಹೇಗೆ?

ಆ ಗೆರೆಗಳು ಹೇಳುವುದು ನಿಮಗೂ ವೈಫೈ ಪೆಟ್ಟಿಗೆಗೂ ನಡುವಿನ ರೇಡಿಯೋ ಬಲವನ್ನು ಮಾತ್ರ. ಅದರಾಚೆಯ ಕೇಬಲ್ ಕಿತ್ತುಹೋಗಿದ್ದರೂ ಗೆರೆ ತುಂಬಿಯೇ ಇರುತ್ತದೆ. ಎಲ್ಲವನ್ನೂ ಆಫ್ ಮಾಡಿ ಆನ್ ಮಾಡುವ ಮೊದಲು ಹತ್ತಿರದಿಂದ ದೂರಕ್ಕೆ ಪರೀಕ್ಷಿಸುತ್ತಾ ಹೋಗಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ.

ಮೊದಲು ಐಪಿಕಾನ್ಫಿಗ್ (ipconfig) ಎಂದು ಟೈಪ್ ಮಾಡಿ. ವಿಳಾಸ 169.254 ರಿಂದ ಶುರುವಾಗಿದ್ದರೆ ವಿಳಾಸ ಹಂಚುವ ಡಿಎಚ್‌ಸಿಪಿ ಉತ್ತರ ಕೊಟ್ಟಿಲ್ಲ, ಕಂಪ್ಯೂಟರ್ ತಾನೇ ಒಂದು ವಿಳಾಸ ಹಾಕಿಕೊಂಡಿದೆ. ಲ್ಯಾಬ್‌ಗಳಲ್ಲಿ ಇದಕ್ಕೆ ಒಂದು ಸಾಮಾನ್ಯ ಕಾರಣ ವಿಳಾಸ ಖಾಲಿಯಾಗುವುದು: ಹಂಚಲು 50 ಇಟ್ಟು, 30 ಕಂಪ್ಯೂಟರ್ ಜೊತೆ 30 ಫೋನ್ ಬಂದರೆ ಕೊನೆಯ 10ಕ್ಕೆ ಏನೂ ಸಿಗದು.

ವಿಳಾಸ ಸರಿ ಇದ್ದರೆ ಅಲ್ಲೇ ಡೀಫಾಲ್ಟ್ ಗೇಟ್‌ವೇ (ನಿಮ್ಮ ರೂಟರ್) ಎಂದು ಕಾಣುವ ಸಂಖ್ಯೆಗೆ ಪಿಂಗ್ ಮಾಡಿ, ಅಂದರೆ ping ಬರೆದು ಆ ಸಂಖ್ಯೆ ಕೊಟ್ಟು ಉತ್ತರ ಬರುತ್ತದೆಯೇ ನೋಡಿ. ಉತ್ತರ ಬರದಿದ್ದರೆ ತೊಂದರೆ ಕಟ್ಟಡದೊಳಗೇ ಇರುವ ಸಾಧ್ಯತೆ ಹೆಚ್ಚು. ಬಂದರೆ ಹೊರಗಿನ ಸಾರ್ವಜನಿಕ ಡಿಎನ್‌ಎಸ್ ಸರ್ವರ್‌ಗಳಾದ 1.1.1.1 ಅಥವಾ 8.8.8.8ಕ್ಕೆ ಪಿಂಗ್ ಮಾಡಿ. ಗೇಟ್‌ವೇ ಮಾತಾಡಿ ಇವೆರಡೂ ಮಾತಾಡದಿದ್ದರೆ ಹೊರಗಿನ ಲೈನ್ ಮೇಲೆ ಅನುಮಾನ ಪಡಿ. ಅನುಮಾನ ಅಷ್ಟೆ: ಕೆಲವು ಜಾಲಗಳು ಪಿಂಗ್ ಅನ್ನೇ ತಡೆದಿರುತ್ತವೆ.

ಸಂಖ್ಯೆಗಳಿಗೆ ಉತ್ತರ ಬರುತ್ತಿದೆ, ಹೆಸರಿನ ತಾಣ ಮಾತ್ರ ತೆರೆಯದು ಎಂದಾದರೆ ಎನ್‌ಎಸ್‌ಲುಕಪ್ (nslookup) ಕೊಟ್ಟು ತಾಣದ ಹೆಸರು ಬರೆಯಿರಿ. ಟೈಮ್‌ಔಟ್ ಆದರೆ ರಿಸಾಲ್ವರ್ ಕೆಟ್ಟಿದೆ. ಬೇರೆ ರಿಸಾಲ್ವರ್ ಹಾಕಿ ನೋಡಿ. ಒಂದೇ ತಾಣ ಸಿಗದಿದ್ದರೆ ತಪ್ಪು ಆ ಕಡೆಯದೂ ಇರಬಹುದು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಮಾಯವಾಗಿತ್ತಲ್ಲ, ಆಗ ನಿರ್ವಹಣೆಯ ಒಂದು ಕಮಾಂಡ್‌ನಿಂದ ಅವರ ಒಳಜಾಲ ಕಡಿದುಹೋಗಿ, ಅವರ ಡಿಎನ್‌ಎಸ್ ಸರ್ವರ್‌ಗಳಿಗೆ ಹೋಗುವ ದಾರಿಯ ಪ್ರಕಟಣೆ ಬಿಜಿಪಿಯಿಂದ (ಜಾಲಗಳು ಪರಸ್ಪರ ದಾರಿ ತಿಳಿಸುವ ವಿಧಾನ) ಹಿಂದಕ್ಕೆ ಹೋಗಿತ್ತು. ಡಿಎನ್‌ಎಸ್ ಸರ್ವರ್‌ಗಳು ಚಾಲೂ ಇದ್ದವು, ಅಲ್ಲಿಗೆ ದಾರಿ ಯಾವ ರೂಟರ್‌ಗೂ ತಿಳಿದಿರಲಿಲ್ಲ.

ಇದೆಲ್ಲ ಸರಿ ಇದ್ದೂ ಬ್ರೌಸರ್ "ಸಂಪರ್ಕ ಸುರಕ್ಷಿತವಲ್ಲ" ಎಂದು ಹಠ ಹಿಡಿದರೆ ಪರದೆಯ ಮೂಲೆಯ ದಿನಾಂಕ ನೋಡಿ. ಹಳೆಯ ಕಂಪ್ಯೂಟರ್‌ಗಳ ಮದರ್‌ಬೋರ್ಡ್‌ನಲ್ಲಿರುವ ಗುಂಡಿಯಂಥ ಬ್ಯಾಟರಿ ಸತ್ತರೆ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಪ್ರಮಾಣಪತ್ರಕ್ಕೆ ಶುರುವಿನ ದಿನವೂ ಕೊನೆಯ ದಿನವೂ ಇರುವುದರಿಂದ, ಆ ಕಂಪ್ಯೂಟರ್ ಲೆಕ್ಕದಲ್ಲಿ ಅದು ಇನ್ನೂ ಜಾರಿಗೇ ಬಂದಿಲ್ಲ. ಎಚ್ಚರಿಕೆ ದಾಟಿ ಮುಂದೆ ಹೋಗಬೇಡಿ. ದಿನಾಂಕ ಸರಿಪಡಿಸಿ, ಬ್ಯಾಟರಿ ಬದಲಿಸಿ. ಹೆಚ್ಚಿನ ಮದರ್‌ಬೋರ್ಡ್‌ಗಳಲ್ಲಿ ಅದು ಸಿಆರ್ 2032. ಕಂಪ್ಯೂಟರ್ ಆಫ್ ಮಾಡಿ, ವಿದ್ಯುತ್ ತಂತಿ ಕಳಚಿದ ಮೇಲಷ್ಟೇ ಕೈಹಾಕಿ.