ಬಾಡಿಗೆಯ ಜೊತೆಗೆ ಬಿಸಿಲನ್ನೂ ಕೇಳಿರಿ

ಗದಗಿನಿಂದ ನೀವು ಬರೆದು ಕೇಳಿದ್ದು ಇಷ್ಟು: ಕೆನಡಾದಲ್ಲಿ, ಟೊರಾಂಟೊ ಪಕ್ಕದ ಮಿಸಿಸಾಗಾದ (ಒಂಟಾರಿಯೊ ಪ್ರಾಂತ್ಯ) ಒಂದು ಕಂಪನಿಯೂ ಕ್ಯಾಲ್ಗರಿಯ (ಆಲ್ಬರ್ಟಾ ಪ್ರಾಂತ್ಯ) ಒಂದು ಕಂಪನಿಯೂ ಹೆಚ್ಚುಕಡಿಮೆ ಒಂದೇ ಸಂಬಳಕ್ಕೆ ಕೆಲಸ ಕೊಡಲು ಒಪ್ಪಿವೆ, ಮನೆ ಎಲ್ಲಿ ಅಗ್ಗ, ಚಳಿ ಎಲ್ಲಿ ಕಡಿಮೆ, ಮತ್ತು ವರ್ಷದೊಳಗೆ ತಾಯಿಯವರನ್ನು ಕರೆಸಿಕೊಳ್ಳುವ ವಿಚಾರವಿರುವುದರಿಂದ ಎರಡರಲ್ಲಿ ಯಾವ ಊರನ್ನು ಆರಿಸಿಕೊಳ್ಳಬೇಕು. ನಾನು ಹುಬ್ಬಳ್ಳಿಯ ಕೇಶ್ವಾಪುರದವನು. ಮೊದಲು ಮಿಸಿಸಾಗಾದಲ್ಲಿದ್ದೆ, ಈಗ ಬಹಳ ವರ್ಷಗಳಿಂದ ಕ್ಯಾಲ್ಗರಿಯಲ್ಲಿ ನೆಲೆಸಿದ್ದೇನೆ. ಆದ್ದರಿಂದ ನನ್ನ ಮಾತು ಈ ಊರಿನ ಕಡೆಗೆ ತುಸು ವಾಲುತ್ತದೆ. ಅಷ್ಟನ್ನು ಕಳೆದು ಓದಿಕೊಳ್ಳಿರಿ.

ಬೆಲೆಯಲ್ಲಿ ಕ್ಯಾಲ್ಗರಿ ಅಗ್ಗ, ಅದರಲ್ಲಿ ಅನುಮಾನವಿಲ್ಲ. 2024ರಲ್ಲಿ ಟೊರಾಂಟೊ ಮತ್ತು ಅದರ ಸುತ್ತಲಿನ ಊರುಗಳಲ್ಲಿ ಮನೆಯ ಸರಾಸರಿ ಬೆಲೆ 11 ಲಕ್ಷ ಡಾಲರಿನ ಆಸುಪಾಸಿನಲ್ಲಿದ್ದರೆ ಕ್ಯಾಲ್ಗರಿಯಲ್ಲಿ 6 ಲಕ್ಷದ ಸುಮಾರಿನಲ್ಲಿತ್ತು. ಬಾಡಿಗೆಯಲ್ಲಿ ಅಂತರ ಇಷ್ಟು ದೊಡ್ಡದಲ್ಲವಾದರೂ ತಿಂಗಳ ಕೊನೆಗೆ ಗೊತ್ತಾಗುವಷ್ಟಿದೆ. ಅಂಗಡಿಯ ಬಿಲ್ಲಿನಲ್ಲಿ ಒಂಟಾರಿಯೊ 13 ಶೇಕಡಾ ಮಾರಾಟ ತೆರಿಗೆ ಹಾಕುತ್ತದೆ. ಆಲ್ಬರ್ಟಾಕ್ಕೆ ತನ್ನದೆಂಬ ಮಾರಾಟ ತೆರಿಗೆಯೇ ಇಲ್ಲದ ಕಾರಣ ಇಲ್ಲಿ ಕೇಂದ್ರದ 5 ಶೇಕಡಾ ಮಾತ್ರ. ಮುಂದೆ ಮನೆ ಕೊಳ್ಳುವ ಹೊತ್ತಿಗೆ ಒಂಟಾರಿಯೊದಲ್ಲಿ ಸಾವಿರಾರು ಡಾಲರಿನ ಆಸ್ತಿ ವರ್ಗಾವಣೆ ತೆರಿಗೆ ಕಟ್ಟಬೇಕು, ಇಲ್ಲಿ ನೋಂದಣಿಯ ಶುಲ್ಕ ಕೊಟ್ಟರೆ ಮುಗಿಯಿತು. ಡಾಲರನ್ನು ರೂಪಾಯಿಗೆ ಗುಣಿಸಿ ವಿದ್ಯಾನಗರದ ಬಾಡಿಗೆಯೊಂದಿಗೆ ಹೋಲಿಸುವ ಚಟವನ್ನು ಮಾತ್ರ ವಿಮಾನ ಹತ್ತುವ ಮೊದಲೇ ಬಿಡಿರಿ. ತೆರಿಗೆ ಕಳೆಯುವ ಮುಂಚಿನ ಆದಾಯದಲ್ಲಿ ಮನೆಯ ಖರ್ಚು 30 ಶೇಕಡಾವನ್ನು ಮೀರಬಾರದೆಂಬುದು ಇಲ್ಲಿ ರೂಢಿಯಲ್ಲಿರುವ ಲೆಕ್ಕ, ಅದನ್ನು ಹಿಡಿದು ನಡೆಯಿರಿ.

ಅಗ್ಗವೆಂದು ಕೇಳಿ ಹಿಗ್ಗುವ ಮೊದಲು ಇನ್ನೊಂದು ಸಂಗತಿ ತಿಳಿದಿರಲಿ. ಒಂಟಾರಿಯೊದಲ್ಲಿ ಮಾಲೀಕರು ವರ್ಷಕ್ಕೆ ಎಷ್ಟು ಬಾಡಿಗೆ ಏರಿಸಬಹುದೆಂಬುದಕ್ಕೆ ಸರ್ಕಾರವೇ ಮಿತಿ ಹಾಕುತ್ತದೆ. 2023, 2024, 2025 ಮೂರೂ ವರ್ಷ ಅದು 2.5 ಶೇಕಡಾ ಇತ್ತು. 2018ರ ನವೆಂಬರ್ 15ರ ನಂತರ ಮೊದಲ ಬಾರಿಗೆ ಜನ ವಾಸಕ್ಕೆ ಬಂದ ಮನೆಗಳಿಗೆ ಈ ಮಿತಿ ಅನ್ವಯಿಸುವುದಿಲ್ಲ, ಆದ್ದರಿಂದ ಅಲ್ಲಿ ಹೊಸ ಕಟ್ಟಡದ ಹೊಳಪಿಗೆ ಮರುಳಾಗಬೇಡಿರಿ. ಆಲ್ಬರ್ಟಾದ ಕಾನೂನು ವರ್ಷಕ್ಕೆ ಒಂದೇ ಸಲ ಏರಿಸಬೇಕೆನ್ನುತ್ತದೆಯೇ ಹೊರತು ಎಷ್ಟು ಏರಿಸಬೇಕೆಂದು ಹೇಳುವುದಿಲ್ಲ. ಡಿಪಾಜಿಟ್ಟಿನ ವಿಷಯದಲ್ಲಿ ನಮ್ಮ ಕಡೆಯಂತೆ ಕೂತು ಮಾತಾಡಿ ಹೆಚ್ಚುಕಡಿಮೆ ಮಾಡುವ ಪದ್ಧತಿ ಇಲ್ಲಿಲ್ಲ. ಆಲ್ಬರ್ಟಾದಲ್ಲಿ ಒಂದು ತಿಂಗಳ ಬಾಡಿಗೆಯನ್ನು ಮೀರಿ ಡಿಪಾಜಿಟ್ ಕೇಳುವಂತಿಲ್ಲ, ಒಂಟಾರಿಯೊದಲ್ಲಿ ಕೊನೆಯ ತಿಂಗಳ ಬಾಡಿಗೆಯನ್ನಷ್ಟೇ ಮುಂಗಡವಾಗಿ ಹಿಡಿದುಕೊಳ್ಳಬಹುದು. ಇದಕ್ಕಿಂತ ಹೆಚ್ಚು ಕೇಳಿದವರಿಗೂ, ಮನೆ ತೋರಿಸುವ ಮೊದಲೇ ಹಣ ಕಳಿಸಿರೆನ್ನುವವರಿಗೂ ದೂರದಿಂದಲೇ ಕೈ ಮುಗಿಯಿರಿ.

ಹವೆಯ ಬಗ್ಗೆ ನೀವು ಕೇಳಿದ್ದು ಎಷ್ಟು ಡಿಗ್ರಿ ಎಂದು. ಡಿಗ್ರಿಯನ್ನಷ್ಟೇ ನೋಡಿದರೆ ಮಿಸಿಸಾಗಾವೇ ಸೌಮ್ಯ. ಪಕ್ಕದ ಒಂಟಾರಿಯೊ ಸರೋವರದ ನೀರು ಬೇಗ ತಣಿಯುವುದಿಲ್ಲವಾದ್ದರಿಂದ ಅಲ್ಲಿ ಜನವರಿಯ ಸರಾಸರಿ ಸೊನ್ನೆಗಿಂತ 4–5 ಡಿಗ್ರಿ ಕೆಳಗಿರುತ್ತದೆ. ಕ್ಯಾಲ್ಗರಿಯಲ್ಲಿ ಅದು 7ರ ಸುಮಾರು, ಮತ್ತು ಧ್ರುವದ ಗಾಳಿ ಇಳಿದು ಬಂದ ವಾರಗಳಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಕ್ಕೂ ಹೋಗುತ್ತದೆ. 2024ರ ಜನವರಿ 13ರ ಸಂಜೆ, ವಿದ್ಯುತ್ತು ಸಾಲದಾಗುವ ಭಯವಿದೆ, ಬೇಡದ ದೀಪಗಳನ್ನು ಆರಿಸಿರಿ ಎಂದು ಆಲ್ಬರ್ಟಾದಲ್ಲಿ ಎಲ್ಲರ ಮೊಬೈಲಿಗೂ ತುರ್ತು ಸಂದೇಶ ಬಂದಿತ್ತು. ಕರೆಂಟು ಹೋಗುವುದೇನೆಂದು ಗದಗಿನವರಿಗೆ ವಿವರಿಸುವ ಅಗತ್ಯವಿಲ್ಲ, ಆದರೆ ಮನೆ ಬಿಸಿ ಮಾಡುವ ಫರ್ನೇಸಿನ ಫ್ಯಾನು ತಿರುಗುವುದೂ ಕರೆಂಟಿನಿಂದಲೇ ಎಂಬುದು ನಮಗೆಲ್ಲ ಆ ಸಂಜೆ ಮನವರಿಕೆಯಾಯಿತು. ಜನ ದೀಪ ಆರಿಸಿದರು, ಕೆಲವೇ ನಿಮಿಷಗಳಲ್ಲಿ ಬೇಡಿಕೆ ಇಳಿಯಿತು, ಕರೆಂಟು ಉಳಿಯಿತು.

ಇಷ್ಟಾಗಿಯೂ ನಾನು ಕ್ಯಾಲ್ಗರಿಯ ಚಳಿಯೇ ಮೇಲೆನ್ನುತ್ತೇನೆ, ಕಾರಣ ಬಿಸಿಲು. ಇಲ್ಲಿ ವರ್ಷಕ್ಕೆ ಸುಮಾರು 2,400 ಗಂಟೆ ಬಿಸಿಲು ಬೀಳುತ್ತದೆ, ಟೊರಾಂಟೊದಲ್ಲಿ ಸುಮಾರು 2,100 ಗಂಟೆ. ಈ ಅಂತರ ಎದ್ದು ಕಾಣುವುದು ಚಳಿಗಾಲದಲ್ಲಿ: ಅಲ್ಲಿ ನವೆಂಬರಿನಿಂದ ಸರೋವರದ ಮೋಡ ಕವಿದರೆ ದಿನಗಟ್ಟಲೆ ಸರಿಯುವುದಿಲ್ಲ, ಇಲ್ಲಿ ಮೈ ಕೊರೆಯುವ ಚಳಿಯ ದಿನವೂ ಆಕಾಶ ನಿಚ್ಚಳವಾಗಿರುತ್ತದೆ. ಮೇಲೆ ಶಿನೂಕ್ ಎಂಬ ಗಾಳಿಯಿದೆ. ರಾಕಿ ಪರ್ವತಗಳನ್ನು ದಾಟಿ ಇಳಿಯುತ್ತ ಒಣಗಿ ಬಿಸಿಯಾಗುವ ಈ ಗಾಳಿ ಬಂದರೆ ಕೆಲವೇ ಗಂಟೆಗಳಲ್ಲಿ 20 ಡಿಗ್ರಿ ಏರಿ, ಬೆಳಿಗ್ಗೆ ಗಟ್ಟಿಯಾಗಿದ್ದ ಹಿಮ ಸಂಜೆಗೆ ಗಟಾರಿನಲ್ಲಿ ಹರಿಯುತ್ತದೆ. ಕೆಲವರಿಗೆ ತಲೆನೋವನ್ನೂ ತರುತ್ತದೆ. ಹವೆ ಬಹಳ ಒಣದು. ತುಟಿ ಒಡೆಯುತ್ತದೆ, ಮೂಗಿನಲ್ಲಿ ರಕ್ತ ಬರುತ್ತದೆ, ಮುಚ್ಚದೆ ಬಿಟ್ಟ ಮೆತ್ತನೆಯ ಜೋಳದ ರೊಟ್ಟಿ ಬೆಳಗಾಗುವುದರೊಳಗೆ ತಾನಾಗಿ ಕಟಕ ರೊಟ್ಟಿಯಾಗಿರುತ್ತದೆ.

ತಾಯಿಯವರ ವಿಚಾರ ಬರೆದಿದ್ದೀರೆಂದೇ ಈ ಬಿಸಿಲಿನ ಮಾತನ್ನು ಇಷ್ಟು ಬೆಳೆಸುತ್ತಿದ್ದೇನೆ. ನಾನು ಬಂದ ಹೊಸತರಲ್ಲಿ ಇಲ್ಲಿಯ ಬ್ಯಾಂಕಿನ ಸಾಲದ ಚರಿತ್ರೆಯಾಗಲಿ, ಹಳೆಯ ಮಾಲೀಕರ ಪತ್ರವಾಗಲಿ ಇಲ್ಲದವನಿಗೆ ಮಿಸಿಸಾಗಾದಲ್ಲಿ ಬಾಗಿಲು ತೆರೆದದ್ದು ಒಂದು ಬೇಸ್‌ಮೆಂಟ್ ಮಾತ್ರ. ನೆಲದಡಿಯ ಆ ಮನೆಗೆ ನವೆಂಬರಿನಲ್ಲಿ ನಮ್ಮ ಅವ್ವ ಬಂದಳು. ಕೇಶ್ವಾಪುರದಲ್ಲಿ ಮುಂಜಾನೆಯ ಎಳೆಬಿಸಿಲಿಗೆ ಕಟ್ಟೆಯ ಮೇಲೆ ಕೂತು, ಮೊರದಲ್ಲಿ ಜೋಳ ಹಸನು ಮಾಡುತ್ತ, ಹೋಗಿ ಬರುವವರನ್ನೆಲ್ಲ ಮಾತಾಡಿಸುವ ಹೆಣ್ಣುಮಗಳು ಆಕೆ. ಬೇಸ್‌ಮೆಂಟಿನ ಏಕೈಕ ಕಿಟಕಿ ಸೂರಿಗೆ ಹತ್ತಿಕೊಂಡಿತ್ತು. ಮೋಡವಿಲ್ಲದ ದಿನ ಮಧ್ಯಾಹ್ನದ ಹೊತ್ತಿಗೆ ಬಟ್ಟೆ ಒಗೆಯುವ ಯಂತ್ರದ ಪಕ್ಕದ ನೆಲದ ಮೇಲೆ ಅಂಗೈಯಗಲದ ಬಿಸಿಲು ಬೀಳುತ್ತಿತ್ತು. ಅವ್ವ ಕುರ್ಚಿ ಎಳೆದುಕೊಂಡು ಹೋಗಿ ಅದರಲ್ಲಿ ಪಾದಗಳನ್ನು ಇಟ್ಟು ಕೂರುತ್ತಿದ್ದಳು, ಬಿಸಿಲು ಸರಿದಂತೆ ಕುರ್ಚಿಯನ್ನೂ ಸರಿಸುತ್ತಿದ್ದಳು. ಜನವರಿಯಲ್ಲಿ ಕಿಟಕಿಯ ಹೊರಗಿನ ಗುಂಡಿಯಲ್ಲಿ ಹಿಮ ತುಂಬಿ ಅದೂ ನಿಂತಿತು. "ನಿಮ್ಮೂರಾಗ ಸೂರ್ಯಾಗ ಸೂಟಿ ಕೊಟ್ಟಾರೇನೋ?" ಎಂದು ನಗುತ್ತಲೇ ಕೇಳಿದಳು. ಫರ್ನೇಸಿನ ಗುಂಡಿ ಮೇಲಿನ ಮನೆಯವರ ಕೈಯಲ್ಲಿತ್ತು. ಬಾಡಿಗೆ ಮನೆಯಲ್ಲಿ ಸೆಪ್ಟೆಂಬರ್ 1ರಿಂದ ಜೂನ್ 15ರವರೆಗೆ ಕನಿಷ್ಠ 20 ಡಿಗ್ರಿ ಶಾಖ ಕೊಡಬೇಕೆಂಬ ಒಂಟಾರಿಯೊದ ನಿಯಮ ನನಗೆ ತಿಳಿದದ್ದು ಆಕೆ ಹುಬ್ಬಳ್ಳಿಗೆ ಮರಳಿದ ಮೇಲೆ. ಈಗ ನನ್ನದು ದಕ್ಷಿಣಕ್ಕೆ ದೊಡ್ಡ ಕಿಟಕಿಗಳಿರುವ ಸ್ವಂತ ಮನೆ, ಡಿಸೆಂಬರಿನಲ್ಲಿಯೂ ನಡುಮನೆಯ ಅರ್ಧದವರೆಗೆ ಬಿಸಿಲು ಚಾಚುತ್ತದೆ. ಅವ್ವನ ಮೊಳಕಾಲು ಅಷ್ಟು ದೂರದ ಪ್ರಯಾಣಕ್ಕೆ ಒಪ್ಪುವುದಿಲ್ಲ. ಈ ಮನೆಯನ್ನು ಆಕೆ ವಿಡಿಯೊ ಕರೆಯಲ್ಲಿಯೇ ನೋಡಿದ್ದಾಳೆ.

ಆದ್ದರಿಂದ ಊರು ಯಾವುದೇ ಇರಲಿ, ತಾಯಿಯವರು ಬರುವ ಮನೆ ನೆಲದ ಮೇಲಿರಲಿ, ಒಂದು ಕಿಟಕಿಯಾದರೂ ದಕ್ಷಿಣಕ್ಕಿರಲಿ. ನಾವು ಸೂರ್ಯನ ಉತ್ತರಾಯಣ ದಕ್ಷಿಣಾಯನ ಬಲ್ಲವರಾದರೂ, ಇಷ್ಟು ಉತ್ತರದ ನಾಡಿನಲ್ಲಿ ಚಳಿಗಾಲದ ಸೂರ್ಯ ದಕ್ಷಿಣದ ಅಂಚಿನಲ್ಲೇ ತಗ್ಗಾಗಿ ಸುತ್ತಿ ಮುಳುಗುತ್ತಾನೆಂಬುದು ಕಂಡ ಮೇಲೆಯೇ ಗೊತ್ತಾಗುವುದು. ಕ್ಯಾಲ್ಗರಿಯಲ್ಲಿ ಡಿಸೆಂಬರಿನ ಹಗಲು 8 ಗಂಟೆಯ ಆಸುಪಾಸು ಮಾತ್ರ. ಬೇಸ್‌ಮೆಂಟನ್ನೇ ಹಿಡಿಯಬೇಕಾಗಿ ಬಂದರೆ ಮಲಗುವ ಕೋಣೆಗೆ ಬೆಂಕಿಯ ಹೊತ್ತಿನಲ್ಲಿ ಮನುಷ್ಯ ಹೊರಬೀಳುವಷ್ಟು ದೊಡ್ಡ ಕಿಟಕಿ ಇದೆಯೇ ನೋಡಿರಿ. ಕ್ಯಾಲ್ಗರಿಯಲ್ಲಿ ಅಧಿಕೃತ ಬೇಸ್‌ಮೆಂಟ್ ಮನೆಗಳ ಪಟ್ಟಿಯನ್ನು ನಗರಾಡಳಿತವೇ ಇಟ್ಟಿದೆ, ವಿಳಾಸ ಹಾಕಿ ಪರೀಕ್ಷಿಸಬಹುದು. ಬಾಡಿಗೆಯಲ್ಲಿ ಗ್ಯಾಸು, ಕರೆಂಟು, ನೀರು ಸೇರಿವೆಯೇ ಎಂದು ಬರೆಸಿಕೊಳ್ಳಿರಿ, ಸೇರಿಲ್ಲವೆಂದರೆ ಕಳೆದ ಜನವರಿಯ ಬಿಲ್ಲನ್ನೇ ಕೇಳಿರಿ. ಆಲ್ಬರ್ಟಾದ ಬಿಲ್ಲಿನಲ್ಲಿ ಉರಿಸಿದ ಗ್ಯಾಸಿಗಿಂತ ಅದನ್ನು ಮನೆಗೆ ತಲುಪಿಸಿದ ಶುಲ್ಕವೇ ಹೆಚ್ಚಾಗಿರುವುದುಂಟು.

ಉಳಿದ ಪ್ರಶ್ನೆಗಳಿಗೆ ಚುಟುಕಾಗಿ ಹೇಳುತ್ತೇನೆ. ಜೋಳದ ಹಿಟ್ಟು ಎರಡೂ ಕಡೆ ಸಿಗುತ್ತದೆ. ಬ್ಯಾಡಗಿ ಮೆಣಸಿನಕಾಯಿ ಪುಡಿಯನ್ನು ಮಾತ್ರ ಊರಿನಿಂದಲೇ ತನ್ನಿರಿ. ಸ್ವೆಟರುಗಳಿಗೆ ಅಲ್ಲಿ ದುಡ್ಡು ಹಾಕಬೇಡಿರಿ, ಇಲ್ಲಿಯ ಚಳಿಗೆ ಅವು ಸಾಲುವುದಿಲ್ಲ. ಮನೆ ಕೊಳ್ಳುವ ಮಾತು ಬಂದಾಗ, ಭಾರತೀಯರು ಹೆಚ್ಚಾಗಿರುವ ಕ್ಯಾಲ್ಗರಿಯ ಈಶಾನ್ಯ ಭಾಗವನ್ನು ಎಲ್ಲರೂ ಸೂಚಿಸುತ್ತಾರೆ. 2020ರ ಜೂನ್ 13ರಂದು ಅಲ್ಲಿ ಬಿದ್ದ ಆಲಿಕಲ್ಲು ನೂರು ಕೋಟಿ ಡಾಲರಿಗೂ ಮಿಕ್ಕಿ ನಷ್ಟ ಮಾಡಿತ್ತು, ವಿಮೆಯವರು ಅದನ್ನು ಮರೆತಿಲ್ಲ, ಆಲಿಕಲ್ಲಿನ ಹಾನಿಯಲ್ಲಿ ನಮ್ಮ ಪಾಲು ಎಷ್ಟೆಂದು ಮೊದಲೇ ವಿಚಾರಿಸಿರಿ. ತಾಯಿಯವರಿಗೆ ಸೂಪರ್ ವೀಸಾ ಮಾಡಿಸಿದರೆ ಒಮ್ಮೆ ಬಂದವರು 5 ವರ್ಷದವರೆಗೆ ಇರಬಹುದು, ಒಂದು ಲಕ್ಷ ಡಾಲರಿನ ಆರೋಗ್ಯ ವಿಮೆ ಕಡ್ಡಾಯ. ಮೊದಲ ಸಲ ಮೇ ತಿಂಗಳಿನಲ್ಲಿ ಕರೆಸಿಕೊಳ್ಳಿರಿ. ಆಗ ಗದಗಿನ ಬಿಸಿಲಿನಿಂದಲೂ ಪಾರಾದಂತಾಗುತ್ತದೆ, ಚಳಿಗಾಲಕ್ಕೆ ಇರುವುದೋ ಬಿಡುವುದೋ ಅವರೇ ನಿರ್ಧರಿಸಲಿ.

ಸ್ಥಳಾಂತರದ ಖರ್ಚಿಗೆ ಯಾವ ಕಂಪನಿ ಎಷ್ಟು ಕೊಡುತ್ತದೆಂದು ನೀವು ಬರೆದಿಲ್ಲ. ಅದನ್ನು ಇಬ್ಬರಲ್ಲಿಯೂ ಕೇಳಿ ತಿಳಿಸಿರಿ. ಮೊದಲ ಒಂದು ತಿಂಗಳು ತಾತ್ಕಾಲಿಕ ವಸತಿ ಕೊಡುವವರಿದ್ದರೆ ಮನೆಯನ್ನು ಫೋಟೊ ನೋಡಿ ಹಿಡಿಯುವ ಬದಲು ಕಣ್ಣಾರೆ ಕಂಡು ಹಿಡಿಯಬಹುದು.